ನೀರು ಕುಡಿದ ಮೋಟರು

ಪ್ರವಾಹ ಇಳಿದ ಮೂರನೆಯ ದಿನ ಸಂಗನಬಸು ಚೀಲ ಹೆಗಲಿಗೇರಿಸಿ ಗುರುಗಳ ಮುಂದೆ ನಿಂತ.

ಹೊಳೆದಂಡೆಯ ಆ ಆಶ್ರಮದಲ್ಲಿ ಗುರುಗಳನ್ನು ಎಲ್ಲರೂ ಅಜ್ಜಾರು ಎನ್ನುತ್ತಿದ್ದರು. ಕಾವಿ ಉಡುವ ಮೊದಲು ಅವರು ವಿದ್ಯುದಾಗಾರದಲ್ಲಿ ಜನರೇಟರುಗಳ ನಡುವೆ ಅರ್ಧ ಆಯುಷ್ಯ ಕಳೆದವರು. ಮಾತು ಕಡಿಮೆ.

"ಹೊಂಟೇನ್ರಿ ಅಜ್ಜಾರ."

"ಯಾಕ?"

"ಸಿಟ್ಟು ಕಳಕೋಬೇಕಂತ ಬಂದೆ. ಇಲ್ಲಿ ಬಂದು ಹೆಚ್ಚಾತ್ರಿ. ಕಣ್ಣು ಮುಚ್ಚಿ ಕುಂಡ್ರು ಅಂದ್ರಿ, ಕುಂತೆ. ಕುಂತರ ಎಂದೋ ಮರೆತ ಜಗಳ ಎಲ್ಲಾ ಎದ್ದು ಬರ್ತಾವ. ನಿನ್ನೆ ಅಡಿಗಿ ಮನ್ಯಾಗ ಮಲ್ಲಕ್ಕನ ಕಡೆ ತಾಟು ಒಗದೆ."

"ತಾಗಿತೇನು?"

"ಇಲ್ರಿ."

"ತಾಟಿನ್ಯಾಗ ಅನ್ನ ಇತ್ತೇನು?"

"ಇತ್ರಿ."

"ಹಾಳು ಮಾಡಿದಿ."

ಸಂಗ ತಲೆ ತಗ್ಗಿಸಿದ. ಅಪ್ಪನ ಮೇಲೆ ಕೈ ಎತ್ತಿ ಊರು ಬಿಟ್ಟವನು ಅವನು. ಆ ಕೈ ಸುಮ್ಮನಾಗುವ ತನಕ ಮನೆಯ ಹೊಸ್ತಿಲು ತುಳಿಯುವುದಿಲ್ಲ ಎಂದು ಅವ್ವನಿಗೆ ಮಾತು ಕೊಟ್ಟಿದ್ದ. ಈಗ ಇಲ್ಲಿಯೂ ಆಗಲಿಲ್ಲ.

"ಪಂಪಿನ ಮೋಟರು ನೀರು ಕುಡದೈತಿ. ಒಣಗಿಸಿ ಹೋಗು," ಎಂದರು ಅಜ್ಜಾರು.

ಸಂಗ ಪೇಟೆಯಲ್ಲಿ ಮೋಟರಿಗೆ ತಂತಿ ಸುತ್ತುವ ಅಂಗಡಿಯಲ್ಲಿದ್ದವನು. "ಒಣಗಿಸೋದು ಯಾಕ್ರಿ? ಹಳೇ ತಂತಿ ಕಿತ್ತು ಹೊಸಾದು ಸುತ್ತಿದ್ರ ಮುಗೀತು."

"ಸಿಟ್ಟು ಬಂದವರನ್ನೂ ಹಂಗ ಕಿತ್ತು ಒಗ್ಯೂಣೇನು?"

ಸಂಗ ಚೀಲವನ್ನು ಪಂಪ್‌ಮನೆಯ ಗೂಟಕ್ಕೆ ತೂಗುಹಾಕಿದ.

ಮೋಟರು ಬಿಚ್ಚಿ ಕೆಸರು ತೊಳೆದ. ಶಾಖಕ್ಕೆಂದು ಒಳಗೆ ಬಲ್ಬು ಹಚ್ಚಿಟ್ಟ. ಮೇಲೆ ತಾಡಪಾಲು ಹೊದಿಸಿ, ಗಾಳಿ ಆಡದಂತೆ ಸುತ್ತಲೂ ಹಗ್ಗ ಬಿಗಿದ.

ಅಜ್ಜಾರು ಬಂದು ನೋಡಿದರು. ಕುಡುಗೋಲಿನಿಂದ ತಾಡಪಾಲಿನ ನೆತ್ತಿಗೆ ಒಂದು ತೂತು ಕೊಯ್ದರು.

"ಹೊಸಾದಿತ್ರಿ ಅದು!"

"ಒಳಗಿಂದು ಎಲ್ಲಿಂದ ಹೋಗಬೇಕು?" ಎಂದು ಹೊರಟುಹೋದರು.

ಪಂಪ್‌ಮನೆಯಲ್ಲಿ ಒಂದು ಹಳೆಯ ಮೆಗ್ಗರ್ ಇತ್ತು. ತಂತಿಯ ಸುತ್ತಲಿನ ನಿರೋಧಕ ಹೊದಿಕೆ ಕರೆಂಟನ್ನು ತಡೆದೀತೋ ಇಲ್ಲವೋ ಎಂದು ಹೇಳುವ ಪೆಟ್ಟಿಗೆ. ಹೊದಿಕೆ ಚೆನ್ನಾಗಿದ್ದರೆ, ಹಿಡಿಕೆ ತಿರುಗಿಸಿದಾಗ ಮುಳ್ಳು ಸೊನ್ನೆಯಿಂದ ಅನಂತದ ಗುರುತಿನ ಕಡೆಗೆ ಏಳುತ್ತದೆ. ಏಳದೆ ಸೊನ್ನೆಯ ಹತ್ತಿರವೇ ನಿಂತರೆ ಹೊದಿಕೆಗೆ ತಡೆಯುವ ಶಕ್ತಿ ಇಲ್ಲ. ಅಂಥ ಮೋಟರಿಗೆ ಕರೆಂಟು ಕೊಟ್ಟರೆ ಸುಟ್ಟುಹೋಗುತ್ತದೆ.

ಬಲ್ಬು ಹಚ್ಚುವ ಮೊದಲೇ ಸಂಗ ನೋಡಿದ್ದ. ಮುಳ್ಳು ಸ್ವಲ್ಪವಾದರೂ ಎದ್ದಿತ್ತು. ಸಂಜೆ ನೋಡಿದ. ಮೊದಲಿಗಿಂತ ಕೆಳಗೆ ನಿಂತಿತು.

"ಇಳ್ಯಾಕತ್ತೈತ್ರಿ ಅಜ್ಜಾರ."

"ಹೂಂ."

ಮರುದಿನ ಬೆಳಿಗ್ಗೆ ಇನ್ನೂ ಕೆಳಗೆ. ಆಶ್ರಮದವರೆಲ್ಲ ಹೊಳೆಯಿಂದ ಕೊಡ ಹೊರುತ್ತಿದ್ದರು. ಮಲ್ಲಕ್ಕ ದಾರಿಯಲ್ಲಿ ನಿಂತು, "ಏನಪಾ ಇಂಜಿನಿಯರಾ, ಮೋಟರಿಗೆ ಶಾಖ ಕೊಡಾಕತ್ತಿಯೋ, ಬಾಣಂತನ ಮಾಡಾಕತ್ತಿಯೋ?" ಎಂದಳು.

ಮಧ್ಯಾಹ್ನ ಹಿಡಿಕೆ ತಿರುಗಿಸಿದ. ಮುಳ್ಳು ಸೊನ್ನೆ ಬಿಟ್ಟು ಏಳಲೇ ಇಲ್ಲ.

ಸಂಗನ ಕಿವಿ ಬಿಸಿಯಾಯಿತು. ತಾಡಪಾಲು ಕಿತ್ತೆಸೆದ. ತಂತಿ ಕಡಿಯಲೆಂದು ಉಳಿ ಹಿಡಿದು, ಸುತ್ತಿಗೆ ಎತ್ತಿದ.

ಅಜ್ಜಾರು ಯಾವಾಗ ಬಂದರೋ. ತಮ್ಮ ಅಂಗೈಯನ್ನು ಉಳಿಗೂ ತಂತಿಗೂ ನಡುವೆ ಇಟ್ಟಿದ್ದರು.

ಸುತ್ತಿಗೆ ಮೇಲೇ ನಿಂತಿತು. ಎತ್ತಿದ ತನ್ನ ಕೈ ಸಂಗನಿಗೆ ಕಂಡಿತು. ಅದೇ ಕೈ.

"ಸತ್ತೈತ್ರಿ ಇದು," ಎಂದ.

"ಹೊದಿಸು."

"ಶಾಖ ಕೊಟ್ಟಷ್ಟೂ ಕೆಡಾಕತ್ತೈತ್ರಿ!"

"ಹೊದಿಸು."

ಸುತ್ತಿಗೆ ಕೆಳಗಿಟ್ಟು ಹೊದಿಸಿದ. ಅಜ್ಜಾರು ಅವನ ಕೈ ಹಿಡಿದು, ತಾಡಪಾಲಿನ ತೂತಿನ ಮೇಲೆ ಇಟ್ಟರು. ಸ್ವಲ್ಪ ಹೊತ್ತು ಹಾಗೇ ಹಿಡಿದರು.

"ಏನೈತಿ?"

ಸಂಗ ಅಂಗೈ ತಿರುಗಿಸಿ ನೋಡಿದ. "ಹಸಿ ಐತ್ರಿ."

"ನಿನ್ನೆ ಎಲ್ಲಿತ್ತು ಅದು?"

"ಒಳಗ... ಹೊರಗ ಬರೂ ದಾರ್ಯಾಗ ಹೊದಿಕಿ ತೋಯಿಸೇ ಬರತೈತೇನ್ರಿ?"

ಅಜ್ಜಾರು ಕೊಡ ಎತ್ತಿಕೊಂಡು ಹೊಳೆಯತ್ತ ನಡೆದರು.

ಸಂಗ ಬಲ್ಬಿನ ಶಾಖ ಏರಿಸಲಿಲ್ಲ, ಇಳಿಸಲೂ ಇಲ್ಲ. ಮೋಟರಿನ ಪಕ್ಕ ಕುಳಿತ. ಕಣ್ಣು ಮುಚ್ಚಿದ. ಜಗಳಗಳು ಬಂದವು. ಬಂದಷ್ಟೂ ಬರಲಿ ಎಂದು ಬಿಟ್ಟ.

ಮತ್ತೆ ಕೆಲವು ದಿನ ಮುಳ್ಳು ಇದ್ದಲ್ಲೇ ಇತ್ತು. ಆಮೇಲೆ ಒಂದು ಬೆಳಿಗ್ಗೆ ಕೂದಲೆಳೆಯಷ್ಟು ಎದ್ದಿತು. ಸಂಜೆಗೆ ಇನ್ನಷ್ಟು. ತೂತಿನ ಮೇಲೆ ಹಿಡಿದ ಅಂಗೈ ಒಣಗಿಯೇ ಉಳಿದ ದಿನ, ಮುಳ್ಳು ಸರ್ರನೆ ಮೇಲೇರಿತು.

ಸಂಗ ಓಡಿದ. "ಅಜ್ಜಾರ! ಮುಳ್ಳು ಅನಂತದ ಗುರುತಿನ ಕಡೆ ಹೊಂಟೈತ್ರಿ!"

"ಅಷ್ಟು ದೂರ ಬ್ಯಾಡ. ನೀರು ತೊಟ್ಟಿಗೆ ಹತ್ತಿದ್ರ ಸಾಕು."

ಮೋಟರು ಜೋಡಿಸಿ ಕರೆಂಟು ಕೊಟ್ಟಾಗ ನೀರು ಹತ್ತಿತು. ಮಲ್ಲಕ್ಕ ತೊಟ್ಟಿಯ ಬಳಿ ತಾಟುಗಳ ರಾಶಿ ತಂದು ಸಂಗನ ಮುಂದೆ ಇಟ್ಟಳು. "ಒಗಿಯೋ ಕೈ ತೊಳೀಲಿ," ಎಂದಳು. ಸಂಗ ನಕ್ಕು ಕುಳಿತು ತೊಳೆದ.

ಆಮೇಲೆ ಪಂಪ್‌ಮನೆಗೆ ಹೋದ. ಗೂಟದಲ್ಲಿದ್ದ ಚೀಲವನ್ನು ಇಳಿಸಿ, ಮೊದಲಿನಂತೆ ತನ್ನ ಕೋಣೆಯಲ್ಲಿ ಇಟ್ಟು ಬಂದ. ಅಜ್ಜಾರು ಹೊಳೆಯ ಮೆಟ್ಟಿಲ ಮೇಲೆ ಕುಳಿತಿದ್ದರು.

"ಒಂದು ಕೇಳಲೇನ್ರಿ? ಮುಳ್ಳು ಅಷ್ಟು ಇಳದಾಗ ನಿಮಗ ಹೆದರಿಕಿ ಆಗಲಿಲ್ಲೇನ್ರಿ?"

ಅಜ್ಜಾರು ಹೊಳೆ ನೋಡುತ್ತಲೇ ಹೇಳಿದರು:

"ಇಳೀಲಿಲ್ಲ ಅಂದಿದ್ರ ಹೆದರತಿದ್ದೆ."