ಖಾಲಿ ಡಬ್ಬಿಯ ಗೆರೆ

ಯಾರು ಗ್ರಾಫ್ ತಂದು ಕೊಟ್ಟರೂ ಬಾಳಿಗ ಮೇಷ್ಟ್ರು ಅದರ ಅತಿ ಚೆಂದದ ಭಾಗವನ್ನು ಅಂಗೈಯಿಂದ ಮುಚ್ಚಿಬಿಡುತ್ತಿದ್ದರು. ಆಮೇಲೆ ಉಳಿದದ್ದನ್ನು ನೋಡುತ್ತಿದ್ದರು.

"ಚೆಂದದ್ದನ್ನೇ ಮುಚ್ಚಿದರೆ ಹೇಗೆ ಮೇಷ್ಟ್ರೇ?" ಎಂದು ಶಿಷ್ಯೆ ತಾರಿಣಿ ಹೊಸತರಲ್ಲಿ ಕೇಳಿದ್ದಳು.

"ಚೆಂದದ್ದು ಎಲ್ಲಿಗೂ ಓಡಿಹೋಗುವುದಿಲ್ಲ ಮಾರಾಯ್ತಿ. ಓಡಿಹೋಗುವುದು ನಮ್ಮ ಬುದ್ಧಿ."

ನದೀದಂಡೆಯ ಆ ಪುಟ್ಟ ಪ್ರಯೋಗಶಾಲೆಯಿಂದ ಮೇಷ್ಟ್ರು ಹಿಂದೊಮ್ಮೆ ದೊಡ್ಡ ಮಾತು ಹೇಳಿದ್ದರು. ಜಲಜನಕ ಬೆರೆತ ಲೋಹದ ಚೂರೊಂದನ್ನು ಉಕ್ಕಿನ ಡಬ್ಬಿಯೊಳಗೆ ಎರಡು ವಜ್ರಗಳ ನಡುವೆ ಇಟ್ಟು ಹಿಂಡಿದರೆ, ಮಾಮೂಲಿ ಕೋಣೆಗಿಂತ ತುಸುವೇ ತಣ್ಣಗಿರುವಾಗಲೂ ವಿದ್ಯುತ್ತು ಅದರಲ್ಲಿ ತಡೆಯಿಲ್ಲದೆ ಹರಿಯುತ್ತದೆ ಎಂದು. ತಣಿಸುತ್ತ ಹೋದಂತೆ ಅದರ ಕಾಂತಗುಣದ ಗೆರೆ ಒಂದು ಜಾಗದಲ್ಲಿ ದಿಢೀರನೆ ಕೆಳಗೆ ಬಿದ್ದಿತ್ತು. ತಡೆಯಿಲ್ಲದೆ ವಿದ್ಯುತ್ತು ಹರಿಸುವ ವಸ್ತು ಕಾಂತಶಕ್ತಿಯನ್ನು ಹೊರದಬ್ಬುತ್ತದೆ; ಅದೇ ಅವರ ಸಾಕ್ಷಿ.

ಬೇರೆ ಕಡೆಯವರೂ ತಮ್ಮ ತಮ್ಮ ಡಬ್ಬಿಗಳಲ್ಲಿ ಮಾಡಿ ನೋಡಿದರು. ಗೆರೆ ಬೀಳಲಿಲ್ಲ. ಕೆಲವರು ನಕ್ಕರು.

ಈಗ ಮೇಷ್ಟ್ರು ಹಾಸಿಗೆ ಹಿಡಿದಿದ್ದರು. ಅವರು ಕಣ್ಣು ಮುಚ್ಚುವುದರೊಳಗೆ ಆ ಮಾತು ನಿಜವೆಂದು ತೋರಿಸಬೇಕು, ತಾರಿಣಿಗಿದ್ದದ್ದು ಅದೊಂದೇ ಆಸೆ.

ಒಂದು ಸಂಜೆ ಹಾಳೆ ಹಿಡಿದು ಬಂದಳು.

"ಬಿತ್ತು ಮೇಷ್ಟ್ರೇ. ನೀವು ಹೇಳಿದ ಜಾಗದಲ್ಲೇ."

ಮೇಷ್ಟ್ರು ಬಿದ್ದ ಗೆರೆಯ ಮೇಲೆ ಅಂಗೈ ಇಟ್ಟರು. ಕೈ ನಡುಗುತ್ತಿತ್ತು. ಉಳಿದದ್ದನ್ನು ತುಂಬ ಹೊತ್ತು ನೋಡಿದರು.

"ಈ ಗೆರೆಗೆ ಇಸ್ತ್ರಿ ಹಾಕಿ ನಯ ಮಾಡಿದ್ದೀಯಾ?"

"ಸ್ವಲ್ಪ."

"ಅಳೆದ ಗೆರೆ ನನ್ನ ಕೈಯ ಹಾಗೆ ನಡುಗಬೇಕು. ಚೂರು ಇಡದೆ ಖಾಲಿ ಡಬ್ಬಿಯನ್ನೂ ಅಳೆದಿಯಾ?"

"ಅಳೆದೆ."

"ಅದರಲ್ಲೂ ಬಿತ್ತಾ?"

ತಾರಿಣಿ ಕಿಟಕಿಯಾಚೆಯ ನದಿಯನ್ನು ನೋಡಿದಳು.

"ಬಿತ್ತು. ಅದೇ ಜಾಗದಲ್ಲಿ. ಅದು ಡಬ್ಬಿಯ ಉಕ್ಕಿನ ಗುಣ ಮೇಷ್ಟ್ರೇ. ಚೂರಿನದ್ದಲ್ಲ."

ಮೇಷ್ಟ್ರು ಹಾಳೆಯಿಂದ ಕೈ ತೆಗೆದು, ಆ ಅಂಗೈಯನ್ನೇ ನೋಡಿಕೊಂಡರು.

"ಖಾಲಿಯನ್ನು ಮೊದಲು ಅಳೆ ಅಂತ ನಿನಗೆ ಕಲಿಸಿದೆ. ಅವತ್ತಿನ ಖುಷಿಯಲ್ಲಿ ಈ ಅಂಗೈ ಎಲ್ಲಿತ್ತೋ ಏನೋ."

"ಯಾರಿಗೂ ಹೇಳುವುದು ಬೇಡ. ನೀವು ನೆಮ್ಮದಿಯಾಗಿ ಇರಬೇಕು ಅಂತ ನಾನು..."

"ನೆಮ್ಮದಿಗೆ ಡಾಕ್ಟರು ಮಾತ್ರೆ ಕೊಟ್ಟಿದ್ದಾರೆ, ಬಿಡು."

ಅವಳಿಗೆ ನಗು ಬರಲಿಲ್ಲ.

"ಖಾಲಿ ಡಬ್ಬಿಯ ಗೆರೆಯನ್ನು ಇದ್ದ ಹಾಗೇ ಅಚ್ಚು ಹಾಕಿಸು. ಬಾಳಿಗ ಹೇಳಿದ್ದು ತಪ್ಪು ಅಂತ ಬರಿ."

ತಾರಿಣಿ ಹಾಳೆಯನ್ನು ಮಡಚಿದಳು. ಮತ್ತೆ ಮಡಚಿದಳು. ಇನ್ನು ಮಡಚಲಾಗದಷ್ಟು ಚಿಕ್ಕದಾದರೂ ಅವಳ ಬೆರಳು ನಿಲ್ಲಲಿಲ್ಲ.

ಮೇಷ್ಟ್ರು ಕಾದರು. ಆಮೇಲೆ ಮೆಲ್ಲಗೆ ಕೇಳಿದರು:

"ಬರೆಯುವಾಗ ನಿನ್ನ ಹೆಸರಿನ ಕೆಳಗೆ ನನ್ನ ಹೆಸರನ್ನೂ ಹಾಕ್ತೀಯಾ, ಮಗಾ?"