ತಿಪ್ಪಣ್ಣನ ಮಗನ ಬುತ್ತಿ

ಬನ್ನಿ ಮಕ್ಕಳೇ, ಹತ್ತಿರ ಕೂತ್ಕೊಳ್ಳಿ. ಕೆಂಚನದುರ್ಗ ಅಂತ ಒಂದು ರಾಜ್ಯ ಇತ್ತು. ಅಲ್ಲಿ ಅರಮನೆ ಪಕ್ಕದಲ್ಲೇ ಮಕ್ಕಳ ಗರಡಿ. ಬೊಮ್ಮ ಅನ್ನೋ ಹುಡುಗ ಅಲ್ಲಿ ಕುಸ್ತಿ ಕಲಿಯುತ್ತಿದ್ದ. ಮೈಗೆ ಕೆಮ್ಮಣ್ಣು ಮೆತ್ತಿದರೆ ಸಾಕು, ಅವನಿಗೆ ಹಬ್ಬ.

ಗರಡಿ ಮಕ್ಕಳಿಗೆ ಅರಮನೆ ಉಗ್ರಾಣದಿಂದ ರಾಗಿ, ಕಾಳು, ಹಾಲು ಬರುತ್ತಿತ್ತು. ಅಡುಗೆಯ ಹೊನ್ನಜ್ಜಿ ಮುದ್ದೆ ಕಟ್ಟುತ್ತಿದ್ದಳು, ಹೆಸರುಕಾಳು ಮೊಳಕೆ ಬರಿಸುತ್ತಿದ್ದಳು, ಸೊಪ್ಪಿನ ಸಾರು ಕಾಯಿಸುತ್ತಿದ್ದಳು. ಮಕ್ಕಳು ಮೂಗು ಮುರಿಯುತ್ತಲೇ ಉಣ್ಣುತ್ತಿದ್ದರು.

ಒಂದು ದಿನ ಉಗ್ರಾಣದ ಯಜಮಾನ ತಿಪ್ಪಣ್ಣ ಬಂದ. ಬಾಯಲ್ಲಿ ಬೆಲ್ಲ, ಎದೆಯಲ್ಲಿ ಕತ್ತರಿ ಅಂತಾರಲ್ಲ, ಆ ಜಾತಿಯವನು.

"ಪಾಪ, ದಿನಾ ಅದೇ ಮುದ್ದೇನಾ ಮಕ್ಕಳೇ? ಇನ್ಮೇಲೆ ನಿಮಗೆ ಬೆಂಡು, ಬತ್ತಾಸು, ಬೂಂದಿ!"

ಮಕ್ಕಳು ಕುಣಿದಾಡಿದರು. ಎಲ್ಲರಿಗಿಂತ ಮೇಲೆ ಹಾರಿದವನು ನಮ್ಮ ಬೊಮ್ಮನೇ. ಉಗ್ರಾಣದ ರಾಗಿ, ಕಾಳು, ಹಾಲೆಲ್ಲ ಎಲ್ಲಿಗೆ ಹೋಯಿತು ಅಂತ ಯಾರೂ ಕೇಳಲಿಲ್ಲ.

ಹೊನ್ನಜ್ಜಿ ಮಾತ್ರ ತನ್ನ ಮನೆಯಿಂದಲೇ ರಾಗಿ ಅಂಬಲಿ ತರುತ್ತಿದ್ದಳು. "ಒಂದು ಗುಟುಕು ಕುಡಿ ಮಗಾ" ಅನ್ನುತ್ತಿದ್ದಳು. "ನಂಗ್ಬೇಡ ಹೋಗಜ್ಜಿ" ಅನ್ನುತ್ತಿದ್ದ ಬೊಮ್ಮ. ಮಾರನೇ ದಿನ ಅವಳು ಮತ್ತೆ ತರುತ್ತಿದ್ದಳು.

ಬರಬರುತ್ತಾ ಮಕ್ಕಳು ಸೊರಗಿದರು. ರಾಜನೇ ಗರಡಿಗೆ ಬಂದ ದಿನ ಬೊಮ್ಮ ಹಗ್ಗ ಹತ್ತಿದ, ಅರ್ಧಕ್ಕೇ ಜಾರಿದ. ಗದೆ ಎತ್ತಿದ, ತೋಳು ನಡುಗಿತು. ಕುಸ್ತಿಗೆ ಇಳಿದ, ಅದೇ ಗರಡಿಯಲ್ಲಿ ಕಲಿಯುತ್ತಿದ್ದ ತಿಪ್ಪಣ್ಣನ ಪುಟ್ಟ ಮಗ ಅವನನ್ನು ಒಂದೇ ಪಟ್ಟಿಗೆ ಕೆಡವಿದ. ಆ ಮಗನಿಗೆ ಮಾತ್ರ ಊಟ ಮನೆಯಿಂದ ಬುತ್ತಿಯಲ್ಲಿ ಬರುತ್ತಿತ್ತು.

ರಾಜನ ಮುಖ ಗಂಟಿಕ್ಕಿತು. ತಿಪ್ಪಣ್ಣ ಕೈಮುಗಿದು, "ಪ್ರಭು, ಸಿಹಿಯಲ್ಲೇ ಇರೋದು ಶಕ್ತಿ. ನಾನು ಸಿಹಿ ತಿನ್ನಿಸಿ ಸಾಕ್ತಿದೀನಿ. ಇವರೇ ಸೋಮಾರಿಗಳು" ಅಂದ.

"ಹಾಗಾದರೆ ಈ ಗರಡಿ ಯಾಕೆ? ಬಾಗಿಲು ಹಾಕಿ" ಅಂದ ರಾಜ.

ಬೊಮ್ಮ ಇನ್ನೂ ಬಿದ್ದಲ್ಲೇ ಇದ್ದ. ಗರಡಿ ಮುಚ್ಚಿದರೆ ತಾನೆಲ್ಲಿಗೆ ಹೋಗಬೇಕು? ಆ ಗರಡಿಯಲ್ಲಿ ಒಂದು ಪದ್ಧತಿ ಇತ್ತು. ಬಿದ್ದವನು ಮೇಲೇಳುವ ಮುಂಚೆ ಒಂದು ಮಾತು ಆಡಬಹುದು, ರಾಜನಾದರೂ ಅದನ್ನು ಕೇಳಲೇಬೇಕು. ಬೊಮ್ಮ ಮಣ್ಣಲ್ಲೇ ಕೂತು ತನ್ನ ಒಂದು ಮಾತು ಆಡಿದ.

"ಪ್ರಭು, ಸಿಹಿಯಲ್ಲಿ ಅಷ್ಟು ಶಕ್ತಿ ಇದ್ದರೆ, ನಮ್ಮ ಪಾಲಿನ ಬತ್ತಾಸನ್ನೆಲ್ಲ ತಿಪ್ಪಣ್ಣೋರ ಮಗನಿಗೇ ಕೊಡಿ. ಅವನ ಬುತ್ತಿ ನಮಗೆ ಕೊಡಿ."

"ಸರಿ, ಇವತ್ತಿಂದ ಹಾಗೇ ಆಗಲಿ" ಅಂದ ರಾಜ.

ತಿಪ್ಪಣ್ಣ ಬೆವೆತುಹೋದ. "ಬೇಡಿ ಪ್ರಭು! ಅದನ್ನ ತಿಂದ್ರೆ ನನ್ನ ಮಗು ಸೊರಗಿಹೋಗ್ತಾನೆ!"

ಆಡಿದ ಮೇಲೆ ನಾಲಿಗೆ ಕಚ್ಚಿಕೊಂಡ. ಆದರೆ ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ರಾಜ ಬುತ್ತಿ ಬಿಚ್ಚಿಸಿದ. ಒಳಗೆ ರಾಗಿ ಮುದ್ದೆ, ಮೊಳಕೆ ಕಾಳು, ಗಟ್ಟಿ ಮೊಸರು! ತಿಪ್ಪಣ್ಣನ ಮನೆ ಶೋಧಿಸಿದರೆ ಅರಮನೆ ಮುದ್ರೆಯ ರಾಗಿ ಮೂಟೆಗಳು ಸೂರು ಮುಟ್ಟಿದ್ದವು.

"ನಿನ್ನ ಮಗನಿಗೆ ಆಗದ್ದು ಊರಮಕ್ಕಳಿಗೆ ಆಗುತ್ತೇನೋ?" ರಾಜ ಗುಡುಗಿದ. ಉಗ್ರಾಣದ ಬೀಗದಕೈ ಹೋಯಿತು. ಅಂದಿನಿಂದ ತಿಪ್ಪಣ್ಣ ಗರಡಿ ಮಕ್ಕಳ ರಾಗಿ ಬೀಸಿದ.

ಮಧ್ಯಾಹ್ನ ಹೊನ್ನಜ್ಜಿ ಬಿಸಿ ಮುದ್ದೆ ತಂದಳು. ಬೊಮ್ಮ ತಟ್ಟೆ ಮುಟ್ಟಲಿಲ್ಲ. ಅವಳ ಕಾಲಿಗೆ ಬಿದ್ದ. "ಅಜ್ಜಿ, ದಿನಾ ಬೇಡ ಅಂದೆ. ಆದ್ರೂ ನೀನು ದಿನಾ ತಂದೆ" ಅಂದ.

"ಹಬ್ಬಕ್ಕೆ ಬತ್ತಾಸೂ ತಿನ್ನುವಿಯಂತೆ, ಏಳು. ಮುದ್ದೆ ಆರ್ತದೆ" ಅಂದಳು ಅಜ್ಜಿ, ಕಣ್ಣೊರೆಸಿಕೊಂಡು.

ಅದಕ್ಕೇ ಹೇಳೋದು ಮಕ್ಕಳೇ: ಓಡಿ ಆಡುವ ಮೈಗೆ ಬರೀ ಸಿಹಿ ಸಾಲದು, ಕಾಳು, ಸೊಪ್ಪು, ಹಾಲು, ಮುದ್ದೆ ಬೇಕು. ನಾಲಿಗೆ ಮೆಚ್ಚಿಸಿದವರೆಲ್ಲ ನಮ್ಮ ಹಿತದವರಲ್ಲ. ಬೇಡ ಅಂದರೂ ಒಳ್ಳೆಯದನ್ನೇ ಬಡಿಸಿದ ಕೈ ಇದೆಯಲ್ಲ, ಅದನ್ನು ಜನ್ಮದಲ್ಲಿ ಮರೆಯಬೇಡಿ.