ಆಮೆಯ ವಕ್ರಗತಿ

ಏಪ್ರಿಲ್ ಹನ್ನೆರಡು, ಬೆಳಗಿನಿಂದಲೇ ಸುಡುಬಿಸಿಲು. ಬತ್ತಿದ ಹೊಂಡ ಬಿಟ್ಟು ಕೆರೆಗೆ ಹೊರಟಿದ್ದ ಆಮೆಯನ್ನು ಎತ್ತಿನ ಗಾಡಿಯೊಂದು ಹಿಂದೆ ಹಾಕಿತು. ಗಾಡಿಯ ಮೇಲಿದ್ದ ನೊಣ ಕೂಗಿತು: "ಅಯ್ಯೋ ಆಮೆರಾಯರೇ, ನಾನು ಕೂತಲ್ಲೇ ಕೂತಿದ್ದೇನೆ, ನೀವು ಹಿಂದಕ್ಕೆ ಸರಿಯುತ್ತಿದ್ದೀರಿ! ಆಕಾಶದ ಮಂಗಳನಂತೆ ನಿಮಗೂ ವಕ್ರಗತಿ!"

"ಪರಿಹಾರ ಉಂಟೇ?"

"ತಿರುಗಿ ನಡೆಯಿರಿ. ಹಿಂದಕ್ಕೆ ಸರಿಯುತ್ತಲೇ ಕೆರೆ ಸೇರುತ್ತೀರಿ."

ಬಾಯಾರಿದ್ದ ಆಮೆ ತಿರುಗಿತು. ಸಂಜೆಯವರೆಗೆ ನಡೆದು, ದಾರಿಬದಿಯ ಮೈಲುಗಲ್ಲನ್ನು ಕೇಳಿತು: "ಸ್ವಾಮಿ, ಕೆರೆ ಬಂತೇ?"

"ಬೆಳಿಗ್ಗೆ ನನ್ನನ್ನು ದಾಟಿ ಕೆರೆಯತ್ತ ಹೋದವನು ನೀನೇ ಅಲ್ಲವೇನಯ್ಯಾ?"

ಆಮೆ ನಡೆದದ್ದನ್ನೆಲ್ಲ ಹೇಳಿತು. ಕಲ್ಲು ನಕ್ಕಿತು. "ಹುಚ್ಚಪ್ಪಾ, ಗಾಡಿ ನಿನ್ನನ್ನು ದಾಟಿತು, ಅಷ್ಟೇ. ಮಂಗಳನೂ ಹಾಗೆಯೇ, ನಮ್ಮ ಭೂಮಿ ಅವನನ್ನು ದಾಟಿಹೋಗುವಾಗ ಹಿಂದಕ್ಕೆ ಸರಿದಂತೆ ಕಾಣುತ್ತಾನೆ. ಅದಿರಲಿ, ನೊಣಕ್ಕೆ ದಕ್ಷಿಣೆ ಏನು ಕೊಟ್ಟೆ?"

"ಒಂದು ಹಗಲಿನ ನಡಿಗೆ," ಎಂದಿತು ಆಮೆ, ಮತ್ತೆ ಕೆರೆಯತ್ತ ತಿರುಗುತ್ತಾ.